ಒಂದೇ ನಾಯಿ, ಮೂರು ಸೂಜಿ

ನಾಯಿಯ ಹಲ್ಲು ನನ್ನ ಪ್ಯಾಂಟಿನಲ್ಲಿತ್ತು. ಪ್ಯಾಂಟಿನೊಳಗೆ ನಾನಿದ್ದೆ!

ಹೆಸರು ಪುಟ್ಟ. ಗಾತ್ರದಲ್ಲಿ ಎಮ್ಮೆಕರು.

"ಭಾವ, ಅಲ್ಲಾಡ್ಬೇಡಿ!" ಮೇಜು ಹತ್ತಿ ನಿಂತಿದ್ದ ನನ್ನ ಭಾವಮೈದ ಕೂಗಿದ. ಈ ನಾಯಿ ಆಸ್ಪತ್ರೆಗೆ ಸಾಫ್ಟ್‌ವೇರ್ ಬರೆದುಕೊಟ್ಟ ಮಹಾನುಭಾವ ಅವನೇ. ಕೆಟ್ಟ ಡೇಟಾಬೇಸ್ ರಿಪೇರಿ ಮಾಡುವುದು ನನ್ನ ಕಸುಬು. ಅವನು ಕೆಡಿಸಿದ್ದನ್ನು ರಿಪೇರಿ ಮಾಡುವುದು ನನ್ನ ಹಣೆಬರಹ.

ಡಾಕ್ಟರಮ್ಮನ ಕೈಯಲ್ಲಿ ಲಸಿಕೆಯ ಎರಡನೇ ಸಿರಿಂಜ್ ಮಿನುಗಿತು.

"ಮೇಡಂ, ಒಂದು ಚುಚ್ಚಿ ಆಯ್ತಲ್ಲ!" ಎಂದೆ.

"ಸ್ಕ್ರೀನಲ್ಲಿ ಪುಟ್ಟ ಮೂರು ಸಲ ಇದಾನೆ. ಮೂರೂ ಮುಗಿಸದೆ ಮುಂದಿನ ನಾಯಿ ಹೆಸರೇ ತೋರಿಸಲ್ಲ. ಹೊರಗೆ ಕ್ಯೂ ನೋಡ್ರಿ!"

"ಇರೋದು ಒಂದೇ ನಾಯಿ!"

"ಅದನ್ನ ಕಂಪ್ಯೂಟರಿಗೆ ಹೇಳ್ರಿ."

ಪುಟ್ಟನ ಒಡತಿ ಅಜ್ಜಿ ಗೋಳೋ ಎಂದಳು. "ನನ್ ಕಂದನ್ನ ಉಳಿಸಪ್ಪಾ..."

ನನ್ನ ಕರುಳು ಚುರುಕ್ ಎಂದಿತು. ಪ್ಯಾಂಟು ಚರ್ರ್ ಎಂದಿತು.

ಓಡಿದೆ! ಬೆಕ್ಕಿನ ಬುಟ್ಟಿ ಹಾರಿದೆ. ಕೌಂಟರಿನ ಹಿಂದೆ ಧುಮುಕಿದೆ. ಪುಟ್ಟ ನನಗಿಂತ ಮೊದಲೇ ಅಲ್ಲಿದ್ದ... ಈ ಸಲ ಹಲ್ಲಿಗೆ ಪ್ಯಾಂಟು ಅಡ್ಡ ಬರಲಿಲ್ಲ.

"ಅಯ್ಯಯ್ಯೋ!"

ನಾಯಿಯನ್ನು ಕಾಲಿಗೆ ನೇತುಹಾಕಿಕೊಂಡೇ ಕಂಪ್ಯೂಟರಿನಲ್ಲಿ ಪಟ್ಟಿ ತೆಗೆಯುವ ಆದೇಶ, ಅಂದರೆ ಕ್ವೆರಿ, ತೆರೆದೆ.

"ಲೋ, ಕ್ವೆರಿ ಹೊಟ್ಟೆಯೊಳಗೆ ಇನ್ನೊಂದು, ಈ ಸಬ್‌ಕ್ವೆರಿ ಯಾಕೋ?"

"ಫೋನ್ ನಂಬರ್ ಕೊಟ್ಟವರನ್ನ ಮಾತ್ರ ಕರೀಬೇಕಲ್ಲ ಭಾವ... ಅದ್ರಲ್ಲಿ ನಂಬರ್ ತೆಗೆದು, ನಾಯಿ ಪಟ್ಟಿಗೆ ಜಾಯಿನ್ ಮಾಡ್ದೆ."

"ಅಜ್ಜೀ! ಎಷ್ಟು ನಂಬರ್ ಕೊಟ್ಟಿದೀರಿ?"

"ನಂದು, ಮಗಳದ್ದು... ಪಕ್ಕದ್ಮನೆಯವಳದ್ದೂ ಇರ್ಲಿ ಅಂತ..."

ಕಳ್ಳ ಸಿಕ್ಕಿಬಿದ್ದ!

"ಜಾಯಿನ್ ಮಾಡಿದ್ರೆ ನಂಬರಿಗೊಂದು ನಾಯಿ ಹುಟ್ಟುತ್ತೆ ಕಣೋ! ನಂಬರ್ ಇದೆಯಾ, ಇಲ್ವಾ? ಅಷ್ಟು ಕೇಳಿದ್ರೆ ಸಾಕಿತ್ತು. ಎಷ್ಟಿದೆ ಅಂತ ಕೇಳೋಕೆ ನಿನಗ್ಯಾರು ಹೇಳಿದ್ರು?"

ಜಾಯಿನ್ ಕಿತ್ತೆಸೆದೆ. ಆ ಜಾಗಕ್ಕೆ 'ಇದೆಯಾ?' ಎಂದಷ್ಟೇ ಕೇಳುವ 'ಎಗ್ಸಿಸ್ಟ್ಸ್' ಹಾಕಿದೆ. ರನ್!

ಪುಟ್ಟ... ಒಂದೇ ಸಲ!

ಡಾಕ್ಟರಮ್ಮ ಸಿರಿಂಜ್ ಕೆಳಗಿಟ್ಟರು. ಅಜ್ಜಿ ನನ್ನ ತಲೆ ಸವರಿದಳು. ಪುಟ್ಟ ನನ್ನ ಕಾಲು ಬಿಟ್ಟು ಬಾಲ ಅಲ್ಲಾಡಿಸಿದ, ಏನೂ ನಡೆದೇ ಇಲ್ಲವೆಂಬಂತೆ.

ಸಂಜೆ ಮನುಷ್ಯರ ಆಸ್ಪತ್ರೆಗೆ ಹೋದೆ. ನರ್ಸ್ ಒಂದು ಚುಚ್ಚಿ, ಸ್ಕ್ರೀನ್ ನನ್ನ ಕಡೆ ತಿರುಗಿಸಿದಳು. ನನ್ನ ಹೆಸರು. ಅದರ ಕೆಳಗೆ ಮತ್ತೆ ನನ್ನ ಹೆಸರು. ಮತ್ತೆ... ಮತ್ತೆ...

"ಸಿಸ್ಟರ್, ಡೂಪ್ಲಿಕೇಟ್! ನನಗಿರೋದು ಒಂದೇ ನಂಬರ್!"

"ತಾರೀಕು ನೋಡಿ ಸಾರ್, ಬೇರೆ ಬೇರೆ. ನಾಯಿ ಕಚ್ಚಿದ್ರೆ ಅಷ್ಟೂ ಹಾಕಿಸ್ಕೋಬೇಕು."

ಪುಟ್ಟನಿಗೆ ತಪ್ಪಿಸಿದ ಸೂಜಿಗಳು ಬಡ್ಡಿ ಸಮೇತ ನನ್ನ ಪಾಲಿಗೇ ಬಂದವು.