ಎಣಿಕೆಯಲ್ಲಿ ಉಳಿದ ಸೊನ್ನೆ

ಒಂದು ಸದ್ದಿಗೆ ಒಂದೇ ಅಕ್ಷರ ಎಂದು ಇಂಗ್ಲಿಷಿಗೆ ಹೊಸ ವರ್ಣಮಾಲೆ ಕಟ್ಟಿದವನು ನನ್ನಣ್ಣ. ಅದಕ್ಕೆ ಕೀಬೋರ್ಡ್ ಹೊಂದಿಸುವ ಕೆಲಸ ನನ್ನದು. ಯಾವ ಅಕ್ಷರ ಎಲ್ಲಿರಬೇಕೆಂದು ತಿಳಿಯಲು ಇಬ್ಬರೂ ಟೈಪ್ ಮಾಡುತ್ತಿದ್ದೆವು. ಪ್ರತಿ ಕೀಲಿಯನ್ನು ಎಷ್ಟು ಸಲ ಒತ್ತಿದೆವೆಂದು ಕಂಪ್ಯೂಟರ್ ಎಣಿಸುತ್ತಿತ್ತು. ಅಣ್ಣನಿಗೆ ಬಲಗೈ ತೋರುಬೆರಳಿರಲಿಲ್ಲ. ಮಹಾ ಹಟಮಾರಿ, ಆ ಬೆರಳು ಒತ್ತಬೇಕಾದ ಅಕ್ಷರಗಳನ್ನು ಬೇರೆ ಬೆರಳಿನಿಂದಲೂ ಒತ್ತದೆ, ಬಿಟ್ಟೇ ಟೈಪ್ ಮಾಡುತ್ತಿದ್ದ.

ಅವನು ತೀರಿಕೊಂಡ ಮೇಲೆ ಅತ್ತಿಗೆ ಕೇಳಿದರು, "ಅದನ್ನ ಓದೋಕೆ ಬರ್ತಿದ್ದಿದ್ದೇ ನಿಮ್ಮಿಬ್ರಿಗೆ. ಇನ್ಯಾರಿಗೆ ಅಂತ ಮಾಡ್ತೀಯಪ್ಪಾ?"

ಆದರೂ ನಾನು ಕೆಲಸ ಮುಂದುವರಿಸಿದೆ.

ನಿನ್ನೆ ಎಣಿಕೆಯನ್ನು ಸೊನ್ನೆಗೆ ತಂದು ಊಟಕ್ಕೆ ಎದ್ದೆ. ಬಂದು ನೋಡಿದರೆ ಸಾವಿರ ದಾಟಿತ್ತು. ಬಲಗೈ ತೋರುಬೆರಳಿನ ಕೀಲಿಗಳಲ್ಲಿ ಮಾತ್ರ ಸೊನ್ನೆ. ಮುಟ್ಟಿದೆ, ಅವಷ್ಟೇ ತಣ್ಣಗಿದ್ದವು, ಉಳಿದವೆಲ್ಲ ಬೆಚ್ಚಗಿದ್ದವು.

ವೈರು ಕಿತ್ತು, ಕೀಬೋರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಜೇಬಿನಲ್ಲೇ ಇದೆ.

ಇವತ್ತು ಎಣಿಕೆ ಎರಡು ಸಾವಿರವಾಗಿದೆ. ಆ ಸೊನ್ನೆಗಳು ಹಾಗೇ ಇವೆ.