ಬೀಪ್ ಸದ್ದಿನ ನಂತರ ಹೇಳಿದ ನಂಬರು

"ನನ್ನ ಪಿಟೀಲೆಲ್ಲಿ?"

ದುರಸ್ತಿ ಅಂಗಡಿಯವನು ಕನ್ನಡಕ ಹಣೆಗೇರಿಸಿದ. "ನೀವೇ ತರಿಸ್ಕೊಂಡ್ರಲ್ಲಮ್ಮಾ! ಹನ್ನೆರಡು ಗಂಟೆಗೇ ಟ್ಯಾಕ್ಸಿಯವನ ಕೈಲಿ ಕೊಟ್ಟು ಕಳಿಸ್ದೆ."

ಪಿಟೀಲುಗಾರ್ತಿ ಗಡಿಯಾರ ನೋಡಿದಳು. ಆಗಲೇ ಮೂರು ಗಂಟೆ. ಆರಕ್ಕೆ ಕಾರ್ಯಕ್ರಮ— ಅವಳು ಮೊದಲ ಸಲ ಒಬ್ಬಳೇ ನುಡಿಸಬೇಕಾದದ್ದು! ಹೊಸ ತಂತಿ ಹಾಕಿಸಲು ಇಲ್ಲಿ ಬಿಟ್ಟುಹೋದದ್ದು ಮಾವನವರ ಪಿಟೀಲು. ಸಾಯುವ ಮುಂಚೆ ಅವರು ಕೈಯಾರೆ ಸೊಸೆಗೆ ಕೊಟ್ಟದ್ದು.

"ನಾನು ಯಾರನ್ನೂ ಕಳಿಸಿಲ್ಲ!"

"ಹಾಗಾದ್ರೆ ಇದೇನು?" ಅವನು ಅಂಗಡಿಯ ಹಳೆಯ ಫೋನಿನ ಗುಂಡಿ ಒತ್ತಿದ. ಬೀಪ್ ಸದ್ದಿನ ಹಿಂದೆಯೇ, ಬೆಳಿಗ್ಗೆ ಯಾರೋ ಬಿಟ್ಟಿದ್ದ ಮೆಸೇಜಿನ ನೆಗಡಿ ಹಿಡಿದಂಥ ಹೆಣ್ಣು ದನಿ ಹೊರಬಂತು.

"ನಮಸ್ಕಾರ, ಪಿಟೀಲು ಬಿಟ್ಟುಹೋದವಳು ಮಾತಾಡ್ತಿದ್ದೀನಿ. ಗಂಟಲು ಕಟ್ಟಿದೆ. ಟ್ಯಾಕ್ಸಿ ಬರುತ್ತೆ, ಅದರಲ್ಲಿ ಕಳಿಸಿ. ನನ್ನ ಹೊಸ ನಂಬರ್ ಬರ್ಕೊಳ್ಳಿ..." ದನಿ ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳುತ್ತ, "ಮೂರು, ಮೂರು, ಐದು" ಎಂದು ಮುಗಿಸಿತು. "ಇನ್ನೊಂದ್ಸಲ ಹೇಳ್ತೀನಿ" ಎಂದು ಮತ್ತೆ ಮೊದಲಿಂದ ಹೇಳಿತು.

"ಭೇಷ್!" ಎಂದರು ಜೊತೆಗೆ ಬಂದಿದ್ದ ದೊಡ್ಡಮ್ಮ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು ಅವರು. "ಮೆಸೇಜ್ ಬಿಟ್ರೆ ಹೀಗೆ ಬಿಡ್ಬೇಕು. ನೀನು ರೈಲು ಹೊರಟುಹೋಯ್ತು ಅನ್ನೋ ಥರ ಗಡಗಡ ಒದರಿ ಇಟ್ಬಿಡ್ತೀಯ."

"ದೊಡ್ಡಮ್ಮಾ! ಪಿಟೀಲು ಹೋಗಿದೆ!"

ಪಿಟೀಲುಗಾರ್ತಿ ನಾದಿನಿಗೆ ಫೋನ್ ಮಾಡಿ ಸುದ್ದಿ ಹೇಳಿದಳು. ಹತ್ತೇ ನಿಮಿಷದಲ್ಲಿ ನಾದಿನಿ ಏದುಸಿರು ಬಿಡುತ್ತ ಒಳನುಗ್ಗಿದಳು. "ಅತ್ತಿಗೆ, ಇದು ನಿಮ್ಮ ತಂಡದ ಎರಡನೇ ಪಿಟೀಲಿನವಳದೇ ಕೆಲಸ! ನೀವು ನುಡಿಸದಿದ್ರೆ ಅವಕಾಶ ಅವಳಿಗೇ ತಾನೇ?"

ಪಿಟೀಲುಗಾರ್ತಿಗೂ ಹೌದೆನಿಸಿತು. ದೊಡ್ಡಮ್ಮ ಮಾತ್ರ ಅಂಗಡಿಯವನತ್ತ ತಿರುಗಿದರು.

"ಆ ನಂಬರಿಗೆ ನೀವು ಫೋನ್ ಮಾಡಿದ್ರಾ?"

"ಮಾಡ್ದೆ. ಯಾರೋ ಬೇಕರಿಯವರು ಎತ್ತಿದ್ರು. ನಾನೇ ತಪ್ಪು ಒತ್ತಿರ್ಬೇಕು ಅಂದ್ಕೊಂಡೆ. ಅಷ್ಟರಲ್ಲಿ ಟ್ಯಾಕ್ಸಿ ಬಂತು, ರಸೀದಿ ತೆಗೆದು ನೋಡೋಕೆ ಹೋಗ್ಲಿಲ್ಲ."

ದೊಡ್ಡಮ್ಮನ ಕಣ್ಣು ಮಿನುಗಿತು. "ಮಗಳೇ, ನಿನ್ನ ಹೊಸ ನಂಬರಿನ ಕೊನೇ ಮೂರು ಅಂಕಿ?"

"ಎರಡು, ಮೂರು, ಐದು."

"ಅದು ಬಂದಿದ್ದು ನಿನ್ನೆ. ಯಾರ್ಯಾರಿಗೆ ಕೊಟ್ಟೆ?"

"ಇನ್ನೂ ಮೂರೇ ಕಡೆಗೆ. ಈ ಅಂಗಡಿ ರಸೀದಿ ಮೇಲೆ ಬರೆದೆ. ಎರಡನೇ ಪಿಟೀಲಿನವಳಿಗೆ ಟೈಪ್ ಮಾಡಿ ಕಳಿಸ್ದೆ. ಇವಳು ಫೋನ್ ಎತ್ತಲಿಲ್ಲ, ಮೆಸೇಜ್ ಬಿಟ್ಟೆ."

"ಆ ಮೆಸೇಜ್ ಹಾಕಮ್ಮಾ, ಕೇಳೋಣ."

"ಅಳಿಸಿಬಿಟ್ಟೆ," ಎಂದಳು ನಾದಿನಿ.

"ಪರವಾಗಿಲ್ಲ. ಮಗಳೇ, ನಿನ್ನೆ ಹೇಳಿದ ಹಾಗೇ ಇನ್ನೊಮ್ಮೆ ಹೇಳು. ಸ್ವಾಮೀ, ನೀವು ಬರ್ಕೊಳ್ಳಿ."

ಪಿಟೀಲುಗಾರ್ತಿ ಒಂದೇ ಉಸಿರಿಗೆ ಒದರಿದಳು. "...ಎರಡ್ಮೂರೈದು, ಇಡ್ತೀನಿ!"

ಅಂಗಡಿಯವನು ಚೀಟಿ ತೋರಿಸಿದ. ಕೊನೆಯಲ್ಲಿ ಮೂರು, ಮೂರು, ಐದು!

"ನೋಡಿದ್ರಾ? 'ಎರಡು, ಮೂರು' ಅಂದಿದ್ದು 'ಎರಡು ಸಲ ಮೂರು' ಅಂತ ಕೇಳಿಸ್ತು. ಬರೆದಿದ್ದನ್ನ ಓದಿದವರು ಈ ತಪ್ಪು ಮಾಡಲ್ಲ. ಕಿವಿಯಿಂದ ಕೇಳಿದವರು ಮಾಡ್ತಾರೆ. ಕೇಳಿದವಳು ಒಬ್ಬಳೇ." ದೊಡ್ಡಮ್ಮ ನಾದಿನಿಯ ಕಡೆ ನೋಡಿದರು. "ಹತ್ತು ವರ್ಷ ದಂತವೈದ್ಯರ ಹತ್ರ ಫೋನ್ ನೋಡ್ಕೊಂಡವಳು ನೀನು. ಕಳ್ಳತನ ಮಾಡುವಾಗಲೂ ನಂಬರು ಎರಡು ಸಲ ಹೇಳ್ದೆ ಇರೋಕಾಗ್ಲಿಲ್ಲ, ಅಲ್ವಾ?"

ನಾದಿನಿ ಸ್ಟೂಲಿನ ಮೇಲೆ ಕುಸಿದಳು. "ಅದು ನನ್ನ ಅಪ್ಪನದು! ಚಿಕ್ಕವಳಿದ್ದಾಗ ಮುಟ್ಟಿದ್ದಕ್ಕೆ ಕೈಮೇಲೆ ಹೊಡೆದಿದ್ರು. ನಿನ್ನೆಮೊನ್ನೆ ಬಂದ ಸೊಸೆಗೆ ಕರೆದು ಕೊಟ್ರು. ನನ್ನನ್ನ ಒಂದು ಮಾತು ಕೇಳ್ಲಿಲ್ಲ."

ಪಿಟೀಲುಗಾರ್ತಿಯ ಸಿಟ್ಟು ಅರ್ಧಕ್ಕಿಳಿಯಿತು. ಕೇಳಬೇಕಾಗಿತ್ತು ಎಂದು ಅವಳಿಗೂ ಒಮ್ಮೆಯೂ ಹೊಳೆದಿರಲಿಲ್ಲ.

"ಎಲ್ಲಿದೆ?"

"ನನ್ನ ಬೀರುವಿನಲ್ಲಿ."

"ಏಳು! ಮೊದಲು ಪಿಟೀಲು, ಆಮೇಲೆ ಕಾರ್ಯಕ್ರಮ, ಆಮೇಲೆ ಜಗಳ!" ಎಂದು ಅವಳು ನಾದಿನಿಯ ಕೈಹಿಡಿದು ಬೀದಿಗೆ ಓಡಿದಳು.

ಆರು ಗಂಟೆಗೆ ಪರದೆ ಸರಿಯಿತು. ಮೊದಲ ಸಾಲಿನಲ್ಲಿ ಕೂತಿದ್ದ ನಾದಿನಿ, ಕಮಾನು ತಂತಿಗೆ ತಾಗುತ್ತಲೇ ಅಪ್ಪಾ ಎಂದು ಬಿಕ್ಕಿದಳು.