ಆಮೆ ಕಾಣೆಯಾದ ಮಧ್ಯಾಹ್ನ

ಚಿಲಕ ಹಾಕಿದ್ದೆನೋ ಇಲ್ಲವೋ? ಕಡಲ ದಂಡೆಯ ನಮ್ಮ ಬೇಸಿಗೆ ಮನೆಯಲ್ಲಿ, ಆಗಸ್ಟಿನ ಆ ಸುಡು ಮಧ್ಯಾಹ್ನ ನನ್ನ ತಲೆ ಕೊರೆಯುತ್ತಿದ್ದುದು ಅದೊಂದೇ. ಊಟವಾಗಿ ಎಲ್ಲರೂ ಕಿಟಕಿ ಮುಚ್ಚಿ ಮಲಗಿದ ಮೇಲೆ, ದಿನಚರಿ ಹಿಡಿದು ತೋಟದ ಚಿಕ್ಕ ಗೇಟಿನಿಂದ ಹೊರಬಿದ್ದಿದ್ದೆ. ಅಂಜೂರದ ಮರದ ಕೆಳಗೆ ಕೂತು ಬರೆದು ವಾಪಸು ಬಂದಿದ್ದೆ. ಯಾರಿಗೂ ಹೇಳಿರಲಿಲ್ಲ.

ನಾಲ್ಕೂವರೆಗೆ ಅಜ್ಜಿಯ ಕೂಗು.

"ಬಿಯಾಜೊ ಇಲ್ಲ!"

ಬಿಯಾಜೊ ಅಂದರೆ ಆಮೆ. ಮದುವೆಯಾದ ವರ್ಷ ತಾತ ಜೇಬಿನಲ್ಲಿಟ್ಟುಕೊಂಡು ತಂದದ್ದು. ತಾತ ಹೋದ ಮೇಲೆ ಅಜ್ಜಿ ಬೆಳಗಿನ ಕಾಫಿ ಕುಡಿಯುವುದು ಅದರ ಎದುರಿಗೆ ಕೂತೇ. ಮನಸ್ಸು ಬಿಚ್ಚಿ ಮಾತಾಡುವುದೂ ಅದರ ಜೊತೆಗೇ. ಅದಕ್ಕೆಂದು ತಂದ ಕಲ್ಲಂಗಡಿ ಸಿಪ್ಪೆ ಹಿಡಿದು ಪೊದೆ ಪೊದೆಯಲ್ಲೂ ಬಗ್ಗಿ ನೋಡುತ್ತಿದ್ದಳು.

ಎಲ್ಲರೂ ಓಡಿಬಂದೆವು. ಚಿಕ್ಕ ಗೇಟು—ಹಾರುಹೊಡೆದಿತ್ತು.

"ಇನ್ನೇನು ಕೇಳೋದು?" ಅಂದ ರುಜ್ಜೇರೊ ಮಾವ. ಊರಿನಲ್ಲಿ ಅವನು ನ್ಯಾಯಾಧೀಶ. "ದೊನಾತಾ ಕಸ ಹಾಕೋಕೆ ಹೋದವಳು ತೆರೆದಿಟ್ಟು ಬಂದಿದ್ದಾಳೆ."

ಇಪ್ಪತ್ತು ವರ್ಷದಿಂದ ನಮ್ಮ ಅಡುಗೆ ಮಾಡುವ ದೊನಾತಾ ಏಪ್ರನ್ ಬಿಚ್ಚತೊಡಗಿದಳು. "ನಾನು ಕಸ ಹಾಕೋದು ಬೆಳಿಗ್ಗೆ, ಯಜಮಾನ್ರೇ. ನಂಬಿಕೆ ಇಲ್ದಿದ್ರೆ ಇವತ್ತೇ ಹೊರಡ್ತೀನಿ."

ನಾನು ದಿನಚರಿಯನ್ನು ಬೆನ್ನ ಹಿಂದೆ ಸರಿಸಿದೆ.

ಅಜ್ಜಿ ಬೆತ್ತದ ಕುರ್ಚಿಯಲ್ಲಿ ಕೂತು ಬೀಸಣಿಗೆ ಬಿಚ್ಚಿದಳು. "ಏಪ್ರನ್ ಕಟ್ಕೋ, ದೊನಾತಾ. ಮಧ್ಯಾಹ್ನ ಯಾರ್ಯಾರು ಎಲ್ಲಿದ್ರಿ? ಲಿದಿಯಾ?"

"ಬರೀತಾ ಇದ್ದೆ." ಎಲ್ಲಿ ಅಂತ ಯಾರೂ ಕೇಳಲಿಲ್ಲ. ನನ್ನನ್ನು ಯಾರೂ ಕೇಳುವುದಿಲ್ಲ.

"ನಾನು ಕೋಣೇಲಿ ಮಲಗಿದ್ದೆ," ಅಂದ ಮಾವ.

"ಸುಳ್ಳು!" ಮೆಟ್ಟಿಲ ಮೇಲಿಂದ ನಿನೆತ್ತಾ. ಚಿಕ್ಕಮ್ಮನ ಮಗಳು, ಆರು ವರ್ಷ. ಊಟ ಮುಗಿದಾಗಿನಿಂದ ಈಜುಡುಗೆ ತೊಟ್ಟು ಐದು ಹೊಡೆಯುವುದನ್ನೇ ಕಾಯುತ್ತಿದ್ದಳು. "ಮೂರೂವರೆಗೆ ನೀರಿಗಿಳೀಲಾ ಅಂತ ಕೇಳೋಕೆ ಬಂದೆ. ನೀನಿರ್ಲಿಲ್ಲ!"

"ಓ, ಹೌದು—ಸಮುದ್ರಕ್ಕೆ ಹೋಗಿದ್ದೆ. ಸ್ವಲ್ಪ ಈಜಿ ಬಂದೆ."

"ಮೂರೂವರೆಗೇ? ಮೋಸ! ನನಗೆ ಮಾತ್ರ ಯಾಕೆ ಐದು?"

ಎಲ್ಲರೂ ನಕ್ಕರು. ಅಜ್ಜಿಯ ಬೀಸಣಿಗೆ ನಿಂತಿತು.

"ರುಜ್ಜೇರೊ, ಊಟ ಮುಗಿದಿದ್ದು ಎಷ್ಟಕ್ಕೆ?"

"ಎರಡಕ್ಕೆ, ಅಮ್ಮ."

"ಬದನೆಕಾಯಿ ಎಷ್ಟು ಸಲ ಹಾಕಿಸ್ಕೊಂಡೆ?"

"ಎ...ಎರಡು."

"ಮೂರು," ಅಂದಳು ದೊನಾತಾ.

"ಉಂಡ ಮೇಲೆ ಮೂರು ಗಂಟೆ ಆಗದೆ ಈ ಮನೇಲಿ ಯಾರೂ ಅಂಗಾಲು ಸಹ ಒದ್ದೆ ಮಾಡ್ಕೊಂಡಿಲ್ಲ. ನಾನು ನಿನಗೆ ಕಲಿಸಿದೆ. ನೀನು ಗಡಿಯಾರ ಹಿಡ್ಕೊಂಡು ಈ ಕೂಸನ್ನ ಕಾಯಿಸ್ತಿದ್ದೀಯ. ಐವತ್ತಾರು ವರ್ಷ ಹೀಗಿದ್ದೋನು ಇವತ್ತು ಹೊಟ್ಟೆ ಬಿರಿಯೋ ಹಾಗೆ ತಿಂದು ಮೂರೂವರೆಗೆ ಈಜಿದೆಯಾ? ಮಗು ಅದನ್ನೇ ಹೇಳ್ತಿದೆ, ನೀವೆಲ್ಲ ನಗ್ತಿದ್ದೀರಿ! ನೀನು ನೀರಿಗಿಳಿದೇ ಇಲ್ಲ. ಹೇಳು—ನನ್ನ ಬಿಯಾಜೊನ್ನ ಏನ್ ಮಾಡ್ದೆ?"

ನ್ಯಾಯಾಧೀಶರು ತಪ್ಪೊಪ್ಪಿಕೊಂಡರು.

"ಮಡಚೋ ಕುರ್ಚಿ ಬಿಡಿಸಿ ಕೂತೆ, ಅಮ್ಮ. ಅದರ ಕಾಲಡಿ ಅವನಿದ್ದ. ಚಿಪ್ಪು ಬಿರುಕು ಬಿಡ್ತು. ಪಕ್ಕದ ವಿಲ್ಲಾಕ್ಕೆ ರಜಕ್ಕೆ ಬಂದಿದ್ದಾನಲ್ಲ, ಪಶುವೈದ್ಯ ಫೌಸ್ತೊ—ಕಣಗಿಲೆ ಬೇಲಿ ನುಸುಳಿ ಅವನ ಹತ್ರ ಒಯ್ದೆ. ಸಣ್ಣ ಬಿರುಕು, ಜೀವಕ್ಕೇನಿಲ್ಲ ಅಂದ. ಹಚ್ಚಿದ ಅಂಟು ಒಣಗಿದ ಮೇಲೆ ಸದ್ದಿಲ್ದೆ ತಂದುಬಿಡೋಣ ಅಂತ..."

"ಗೇಟು ತೆರೆದಿದ್ದು ಕಂಡು ದೊನಾತಾ ತಲೆಗೆ ಕಟ್ಟಿದೆ."

"ನಿನ್ನ ಕಂಡ್ರೆ ಭಯ, ಅಮ್ಮ."

ಮಾವ ಕೂಗಿ ಕರೆದ ಐದು ನಿಮಿಷದಲ್ಲಿ ಬೇಲಿಯ ಮೇಲಿಂದ ಫೌಸ್ತೊನ ಎರಡು ಕೈ, ಕೈಯಲ್ಲಿ ಬಿಯಾಜೊ. ನೆಲಕ್ಕಿಟ್ಟದ್ದೇ ತಡ, ಕತ್ತು ಚಾಚಿ ಸಿಪ್ಪೆ ಕಚ್ಚಿತು. ಅಜ್ಜಿ ನಗುತ್ತ ಕಣ್ಣೊರೆಸಿಕೊಂಡಳು.

"ತಪ್ಪಾಯ್ತು, ದೊನಾತಾ," ಅಂದ ಮಾವ.

"ಆಯ್ತು ಬಿಡಿ. ಆದ್ರೆ ಗೇಟು ನಾನು ತೆಗೆದಿಲ್ಲ."

"ಗಾಳಿಗೆ ತೆರ್ಕೊಂಡಿರ್ಬೇಕು ಬಿಡೇ," ಅಂದಳು ಅಜ್ಜಿ.

ಗಾಳಿ. ಎಷ್ಟು ಸುಲಭ! ಉಳಿದದ್ದನ್ನು ದಿನಚರಿಯಲ್ಲಿ ಬರೆದು ಮುಚ್ಚಿಟ್ಟರೆ ಮುಗಿಯಿತು. ಆದರೆ ದೊನಾತಾ ಏಪ್ರನ್ನಿನ ದಾರವನ್ನು ಇನ್ನೂ ಕಟ್ಟದೆ ಕೈಯಲ್ಲೇ ಹಿಡಿದಿದ್ದಳು.

"ಗಾಳಿಯಲ್ಲ, ಅಜ್ಜಿ," ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು. "ನಾನು."